ಮಗು ಸರಕಾರದ ಆಶ್ರಯಕ್ಕೆ ಹೋದಾಗ ತಂದೆತಾಯಿಗಳು ತಿಳಿದಿರಬೇಕಾದ ಸಂಗತಿಗಳು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಗೆ ಬಂದ ನಮ್ಮ ಜನರಿಗೆ ಕಷ್ಟಗಳು ಹೊಸವಲ್ಲ. ಕೆಲಸ ಹೋದರೆ ಹೇಳಿಕೊಳ್ಳುತ್ತಾರೆ, ಬೇನೆ ಬಿದ್ದರೆ ಹೇಳಿಕೊಳ್ಳುತ್ತಾರೆ, ಸಾಲ ಬೇಕಾದರೆ ಸಂಕೋಚಪಟ್ಟಾದರೂ ಹೇಳಿಕೊಳ್ಳುತ್ತಾರೆ. ಆದರೆ ತಮ್ಮ ಮಗುವನ್ನು ಪೋಲೀಸರೋ ಅಧಿಕಾರಿಗಳೋ ಒಯ್ದು ಬಾಲಗೃಹದಲ್ಲಿ ಇರಿಸಿದ್ದಾರೆಂಬ ಕಷ್ಟವನ್ನು ಮಾತ್ರ ಬಾಯಿಬಿಟ್ಟು ಹೇಳುವವರು ಕಡಿಮೆ. ನೆರೆಯವರು ಕೇಳಿದರೆ “ಮಗು ಊರಲ್ಲಿ ಅಜ್ಜಿಯ ಹತ್ತಿರ ಇದೆ” ಎಂದು ಮಾತು ಹಾರಿಸುತ್ತಾರೆ. ನಾಚಿಕೆ ಒಂದು ಕಡೆ, ಭಯ ಇನ್ನೊಂದು ಕಡೆ. ಕಚೇರಿಯ ಭಾಷೆ ಮರಾಠಿ, ಕಾಗದದ ಮೇಲೆ ದುಂಡು ಶಿಕ್ಕೆ, ಹೋಗಬೇಕೆಂದರೆ ಒಂದು ದಿನದ ಕೂಲಿ ಮುಳುಗುತ್ತದೆ. ಹೀಗಾಗಿ ಇಂದು, ನಾಳೆ ಎಂದು ದಿನಗಳು ಕಳೆಯುತ್ತವೆ.

ಈ ಮೌನದಿಂದಲೇ ಹೆಚ್ಚಿನ ಕೇಡು. ಮಗುವನ್ನು ಮರಳಿ ಮನೆಗೆ ಸೇರಿಸುವುದನ್ನೇ ನಮ್ಮ ದೇಶದ ಕಾಯಿದೆ ಮೊದಲ ಗುರಿಯಾಗಿ ಇಟ್ಟುಕೊಂಡಿದೆ. ಆದರೆ ಅದೇ ಕಾಯಿದೆ ದಿನಗಳನ್ನೂ ಎಣಿಸುತ್ತದೆ. ಬೇಗ ಎದ್ದು ಹೋದ ತಂದೆತಾಯಿಗಳಿಗೆ ಅದು ಆಸರೆ. ಮುಖ ತೋರಿಸದವರಿಗೆ ಅದೇ ಕಾಯಿದೆ ಮಗುವನ್ನು ಶಾಶ್ವತವಾಗಿ ದೂರ ಮಾಡಬಲ್ಲದು. ಆದಕಾರಣ ಈ ವಿಷಯವನ್ನು ನಮ್ಮ ವಾಚಕರು ತಮಗಾಗಿ ಅಲ್ಲದಿದ್ದರೂ ನೆರೆಮನೆಯವರಿಗಾಗಿ ತಿಳಿದುಕೊಂಡಿರುವುದು ಒಳ್ಳೆಯದು.

ಮಗು ಅಲ್ಲಿಗೆ ಹೋಗುವುದು ಹೇಗೆ?

ಮಗುವನ್ನು ಒಯ್ದರೆಂದ ಕೂಡಲೇ ತಂದೆತಾಯಿಗಳು ಕೆಟ್ಟವರೆಂದು ತೀರ್ಮಾನಿಸಬಾರದು. ದಾರಿಗಳು ಹಲವು ಇವೆ. ಕಲಬುರ್ಗಿ, ಯಾದಗಿರಿ, ರಾಯಚೂರುಗಳಿಂದ ಸೊಲ್ಲಾಪುರದ ಮೇಲೆ ಬರುವ ರೈಲುಗಳಲ್ಲಿ ಗದ್ದಲ ಬಹಳ. ಪುಣೆ ನಿಲ್ದಾಣದಲ್ಲಿ ಇಳಿಯುವಾಗ ಮಗು ಕೈತಪ್ಪಬಹುದು. ಮನೆಯಲ್ಲಿ ಬೈಸಿಕೊಂಡ ಹುಡುಗ ಸಿಟ್ಟಿನಿಂದ ರೈಲು ಹತ್ತಿ ಬಂದಿರಬಹುದು. ಕಟ್ಟಡದ ಕೆಲಸಕ್ಕೆ ಹೋದವರ ಕೂಸು ರಸ್ತೆಯ ಬದಿಗೆ ಒಂಟಿಯಾಗಿ ಸಿಕ್ಕಿರಬಹುದು. ಚಹದ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನನ್ನು ಕಾರ್ಮಿಕ ಇಲಾಖೆಯವರು ಬಿಡಿಸಿರಬಹುದು. ತಾಯಿ ಆಸ್ಪತ್ರೆ ಸೇರಿ, ನೋಡಿಕೊಳ್ಳುವವರು ಯಾರೂ ಇಲ್ಲದೆ ಹೋಗಿರಬಹುದು. ಇನ್ನು ಕೆಲವು ಮನೆಗಳಲ್ಲಿ ಕುಡಿತ, ಹೊಡೆತ, ಜಗಳಗಳೇ ಕಾರಣ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿಲ್ಲ.

ಇಂಥ ಮಕ್ಕಳನ್ನು ಕಾಯಿದೆ “ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳು” ಎಂದು ಕರೆಯುತ್ತದೆ. ಅದು ೨೦೧೫ರ ಬಾಲನ್ಯಾಯ ಕಾಯಿದೆ. ೨೦೧೬ನೆಯ ಜನವರಿ ೧೫ರಿಂದ ಜಾರಿಯಲ್ಲಿದೆ, ೨೦೨೧ರಲ್ಲಿ ಕೆಲವು ತಿದ್ದುಪಡಿಗಳಾದವು. ಹದಿನೆಂಟು ವರ್ಷ ತುಂಬದವರೆಲ್ಲ ಅದರ ದೃಷ್ಟಿಯಲ್ಲಿ ಮಕ್ಕಳೇ. ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆಯನ್ನು ಬಾಲನ್ಯಾಯ ಮಂಡಳಿ ಎಂಬ ಬೇರೆ ಸಂಸ್ಥೆ ನಡೆಸುತ್ತದೆ. ನಾವು ಇಲ್ಲಿ ಹೇಳುತ್ತಿರುವ ಮಕ್ಕಳು ಏನೂ ತಪ್ಪು ಮಾಡಿದವರಲ್ಲ.

ಸಮಿತಿ ಎಂದರೇನು?

ಸಿಕ್ಕಿದ ಮಗುವನ್ನು ಪ್ರಯಾಣದ ವೇಳೆಯನ್ನು ಬಿಟ್ಟು ೨೪ ತಾಸಿನೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಮರಾಠಿ ಕಾಗದಗಳಲ್ಲಿ ಇದನ್ನೇ ಬಾಲ ಕಲ್ಯಾಣ ಸಮಿತಿ ಎಂದು ಬರೆದಿರುತ್ತಾರೆ. ಇದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಹೆಂಗಸರು ಇರಲೇಬೇಕು. ತಿಂಗಳಿಗೆ ಕನಿಷ್ಠ ೨೦ ದಿನ ಸಮಿತಿ ಕೂಡಬೇಕು. ಅದಕ್ಕೆ ಮ್ಯಾಜಿಸ್ಟ್ರೇಟರಷ್ಟು ಅಧಿಕಾರ ಉಂಟು. ಆದರೆ ಅದು ಕೋರ್ಟಿನ ಕಟಕಟೆಯಲ್ಲ. ಅಲ್ಲಿ ತಂದೆತಾಯಿಗಳು ಆರೋಪಿಗಳಲ್ಲ, ವಕೀಲರು ಇರಲೇಬೇಕೆಂಬ ನಿಯಮವಿಲ್ಲ, ಹಾಜರಾಗಲು ಶುಲ್ಕವೂ ಇಲ್ಲ. ಮಧ್ಯದಲ್ಲಿ ಯಾರಾದರೂ “ಇಷ್ಟು ಹಣ ಕೊಟ್ಟರೆ ಮಗುವನ್ನು ಬಿಡಿಸಿಕೊಡುತ್ತೇನೆ” ಎಂದರೆ ಅದು ಮೋಸವೆಂದು ತಿಳಿಯಿರಿ.

ಮೊದಲ ದಿನ ಸಮಿತಿ ಸಾಮಾನ್ಯವಾಗಿ ಮಗುವನ್ನು ಬಾಲಗೃಹಕ್ಕೆ ಕಳಿಸುತ್ತದೆ. ಇದು ಕೊನೆಯ ಹುಕುಮಲ್ಲ, ವಿಚಾರಣೆ ಮುಗಿಯುವ ತನಕದ ವ್ಯವಸ್ಥೆ ಮಾತ್ರ. ಆಮೇಲೆ ಒಬ್ಬ ಸಮಾಜ ಕಾರ್ಯಕರ್ತರು ಮನೆಯ ಸ್ಥಿತಿಯನ್ನು ತಿಳಿದು ವರದಿ ಬರೆಯುತ್ತಾರೆ. ಈ ವರದಿ ೧೫ ದಿನಗಳಲ್ಲಿ ಮುಗಿಯಬೇಕು. ಕೊನೆಯ ಹುಕುಮು ನಾಲ್ಕು ತಿಂಗಳೊಳಗೆ ಆಗಬೇಕು. ಈ ೧೫ ದಿನಗಳೇ ತಂದೆತಾಯಿಗಳ ಪಾಲಿಗೆ ಬಹಳ ಬೆಲೆಯುಳ್ಳವು. ವರದಿ ಬರೆಯುವವರಿಗೆ ಮನೆಯ ವಿಳಾಸ ಸಿಗದಿದ್ದರೆ, ಬಾಗಿಲಿಗೆ ಬೀಗ ಇದ್ದರೆ, ಮಾತು ತಿಳಿಯದಿದ್ದರೆ, ವರದಿಯಲ್ಲಿ ಒಳ್ಳೆಯ ಮಾತು ಬರುವುದಾದರೂ ಎಲ್ಲಿಂದ?

ವಿಚಾರಣೆ ಮುಗಿದ ಮೇಲೆ ಸಮಿತಿ ಕೊಡಬಹುದಾದ ಹುಕುಮುಗಳು ಮುಖ್ಯವಾಗಿ ಇವು. ಮಗುವನ್ನು ತಂದೆತಾಯಿಗಳಿಗೆ ಮರಳಿ ಒಪ್ಪಿಸಬಹುದು. ಬೇಕಾದರೆ ಕೆಲವು ಕಾಲ ಮೇಲ್ವಿಚಾರಣೆಯ ಕಟ್ಟಳೆ ಹಾಕಬಹುದು. ಯೋಗ್ಯ ವ್ಯಕ್ತಿ ಎಂದು ಒಪ್ಪಿಗೆಯಾದವರ ಕೈಗೆ ಕೊಡಬಹುದು. ಬಾಲಗೃಹದಲ್ಲಿಯೇ ಇರಿಸಬಹುದು. ಇಲ್ಲವೆ ಫಾಸ್ಟರ್ ಕೇರ್ ಎಂದು ಕರೆಯುವ ಸಾಕುಮನೆಗೆ ಕಳಿಸಬಹುದು.

ಈ ಸಾಕುಮನೆಯ ವಿಷಯದಲ್ಲಿ ತಪ್ಪು ತಿಳುವಳಿಕೆ ಬಹಳ. ಸಾಕುಮನೆ ಬೇರೆ, ದತ್ತಕ ಬೇರೆ. ದತ್ತಕದಲ್ಲಿ ಹೆತ್ತವರ ಸಂಬಂಧ ಕಾಯಿದೆಯ ಮಟ್ಟಿಗೆ ಹರಿದುಹೋಗುತ್ತದೆ. ಸಾಕುಮನೆಯಲ್ಲಿ ಹಾಗಲ್ಲ, ಬೇರೊಂದು ಸಂಸಾರ ಕೆಲವು ಕಾಲ ಮಗುವನ್ನು ನೋಡಿಕೊಳ್ಳುತ್ತದೆ ಅಷ್ಟೇ. ಹೆತ್ತವರು ಗೊತ್ತಾದ ದಿನಗಳಲ್ಲಿ ಹೋಗಿ ಮಗುವನ್ನು ಕಾಣಲು ಅನುಮತಿ ಕೊಡಬಹುದೆಂದು ಕಾಯಿದೆಯಲ್ಲಿಯೇ ಇದೆ. ಭೇಟಿಯಿಂದ ಮಗುವಿಗೆ ಹಿತವಿಲ್ಲವೆಂದು ಸಮಿತಿ ತಿಳಿದರೆ ಅದಕ್ಕೆ ಕಾರಣವನ್ನು ಬರೆದಿಡಬೇಕು. ಅಣ್ಣತಮ್ಮ ಅಕ್ಕತಂಗಿಯರನ್ನು ಆದಷ್ಟು ಕೂಡಿಯೇ ಇರಿಸಬೇಕು. ಹೆತ್ತವರು ಯೋಗ್ಯರೆಂದು ಕಂಡುಬಂದ ಮೇಲೆ ಮಗು ಅವರ ಮನೆಗೆ ಮರಳಬಹುದು.

ಬಡತನ ಅಪರಾಧವಲ್ಲ

“ನಾವು ಬಡವರು, ತಗಡಿನ ಗುಡಿಸಲಲ್ಲಿ ಇರುವವರು, ನಮಗೆ ಯಾರು ಮಗುವನ್ನು ಕೊಡುತ್ತಾರೆ?” ಎಂದು ಕೆಲವರು ಮೊದಲೇ ಕೈಚೆಲ್ಲುತ್ತಾರೆ. ಇದು ಸರಿಯಲ್ಲ. ಮಗುವಿನ ಆರೈಕೆಯ ಮೊದಲ ಹೊಣೆ ಹೆತ್ತ ಮನೆಯದು, ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಯಿಲ್ಲದಾಗಿನ ಕೊನೆಯ ಉಪಾಯ ಎಂಬುದು ಕಾಯಿದೆಯ ಮೂಲತತ್ವಗಳಲ್ಲಿ ಸೇರಿದೆ. ೨೦೦೯ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಬರಿಯ ಬಡತನವೊಂದನ್ನೇ ಕಾರಣವಾಗಿಟ್ಟು ಮಗುವನ್ನು ಹೆತ್ತವರಿಂದ ಅಗಲಿಸಕೂಡದು, ಬಡತನ ಕಂಡುಬಂದರೆ ಆ ಮನೆಗೆ ಸಹಾಯ ಮಾಡಬೇಕು.

ಸಹಾಯಕ್ಕೆ ದಾರಿಯೂ ಉಂಟು. ಕೇಂದ್ರ ಸರಕಾರದ ವಾತ್ಸಲ್ಯ ಯೋಜನೆಯ ೨೦೨೨ರ ಮಾರ್ಗಸೂಚಿಯಲ್ಲಿ, ಅರ್ಹ ಸಂಸಾರದ ಮಗುವಿಗೆ ಪ್ರಾಯೋಜಕತ್ವವೆಂದು ತಿಂಗಳಿಗೆ ೪,೦೦೦ ರೂಪಾಯಿಗಳನ್ನು ಗೊತ್ತುಮಾಡಿದ್ದಾರೆ. ಮಹಾರಾಷ್ಟ್ರ ಸರಕಾರದ ಬಾಲ ಸಂಗೋಪನ ಯೋಜನೆ ಎಂಬುದೂ ಇದೆ. ೨೦೨೦ರ ಡಿಸೆಂಬರದಲ್ಲಿ, ಕೊರೋನಾ ಬೇನೆಯ ಕಾಲಕ್ಕೆ ಬಾಲಗೃಹಗಳಿಂದ ಮನೆಗೆ ಮರಳಿದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಿಂಗಳಿಗೆ ೨,೦೦೦ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. ಮಗುವನ್ನು ಮನೆಗೆ ಕಳಿಸಿದರಷ್ಟೇ ಸಾಲದು, ಮನೆಯ ಕೈಗೂ ಬಲ ಕೊಡಬೇಕೆಂಬ ಮಾತು ಇದರಿಂದ ಸ್ಪಷ್ಟವಾಗುತ್ತದೆ. ಈ ಸಹಾಯಗಳಿಗೆ ಅರ್ಜಿ ಕೊಡುವ ಬಗೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು.

ದಿನಗಳ ಲೆಕ್ಕ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಹೆತ್ತವರು ಯಾರೆಂದು ಎಷ್ಟು ಹುಡುಕಿದರೂ ಪತ್ತೆಯಾಗದಿದ್ದರೆ, ಸಮಿತಿ ಆ ಮಗುವನ್ನು ದತ್ತಕಕ್ಕೆ ಮುಕ್ತವೆಂದು ಘೋಷಿಸಬಹುದು. ಎರಡು ವರ್ಷದೊಳಗಿನ ಕೂಸಾದರೆ ಇದಕ್ಕೆ ಎರಡು ತಿಂಗಳು, ಅದಕ್ಕೂ ದೊಡ್ಡ ಮಗುವಾದರೆ ನಾಲ್ಕು ತಿಂಗಳ ಅವಧಿ. ಹೆತ್ತವರು ಅದೇ ಊರಿನಲ್ಲಿ, ಎರಡು ಹರದಾರಿ ದೂರದಲ್ಲಿ ಅಳುತ್ತ ಕುಳಿತಿರಬಹುದು. ಸಮಿತಿಯ ಕಡತದಲ್ಲಿ ಮಾತ್ರ ಆ ಮಗು ತಬ್ಬಲಿ. ಒಮ್ಮೆ ದತ್ತಕವಾಗಿಹೋದರೆ ಹಿಂದಕ್ಕೆ ಪಡೆಯುವುದು ಬಹು ಕಠಿಣ.

ಇನ್ನೊಂದು ಎಚ್ಚರಿಕೆ. ಕೆಲವರು ಬಾಲಗೃಹವೆಂದರೆ ಊಟ ವಸತಿಯ ಸಾಲೆ ಎಂದು ತಿಳಿದು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಓದಿಗಾಗಿ ಇರಿಸುವುದು ಬೇರೆ; ಸಮಿತಿಯ ಮುಂದೆ ಮಗುವನ್ನು “ಸಮರ್ಪಣೆ” ಮಾಡುವ ಕಾಗದ ಬೇರೆ. ಸಮರ್ಪಣೆಯ ಕಾಗದಕ್ಕೆ ಸಹಿ ಮಾಡಿದವರಿಗೆ ಮನಸ್ಸು ಬದಲಿಸಲು ಎರಡು ತಿಂಗಳು ಮಾತ್ರ ಕಾಲಾವಕಾಶ. ಆದುದರಿಂದ ಯಾವ ಕಾಗದವನ್ನೇ ಆಗಲಿ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಸಹಿ ಮಾಡಬಾರದು. ಈಗಾಗಲೇ ಸಹಿ ಮಾಡಿದ್ದರೆ, ಎರಡು ತಿಂಗಳು ಮುಗಿಯುವ ಮೊದಲೇ ಸಮಿತಿಗೆ ಬರವಣಿಗೆಯಲ್ಲಿ ತಿಳಿಸಬೇಕು.

ಪರದೇಶಗಳಲ್ಲಿಯೂ ಹೀಗೆ ದಿನ ಎಣಿಸುವ ಪದ್ಧತಿ ಉಂಟು. ಅಮೇರಿಕೆಯಲ್ಲಿ ೧೯೯೭ರ ಕಾಯಿದೆಯ ಪ್ರಕಾರ, ಕಳೆದ ೨೨ ತಿಂಗಳಲ್ಲಿ ೧೫ ತಿಂಗಳು ಮಗು ಸಾಕುಮನೆಯಲ್ಲಿ ಇದ್ದರೆ, ಹೆತ್ತವರ ಹಕ್ಕನ್ನು ಕೊನೆಗಾಣಿಸಲು ಸರಕಾರವೇ ಕೋರ್ಟಿಗೆ ಹೋಗಬೇಕಾಗುತ್ತದೆ. ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಏನೇನು ಮಾಡಬೇಕು?

ಮಗು ಕಾಣೆಯಾದರೆ ಅಂದೇ ಹತ್ತಿರದ ಪೋಲೀಸ ಠಾಣೆಗೆ ಹೋಗಿರಿ. “ಇದು ನಮ್ಮ ಹದ್ದಿನೊಳಗೆ ಬರುವುದಿಲ್ಲ” ಎಂದರೆ ಬಿಡಬೇಡಿರಿ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅಪರಾಧದ ದೂರನ್ನು ಯಾವ ಠಾಣೆಯಲ್ಲಿಯೂ ಬರೆದುಕೊಳ್ಳಬೇಕು. ಮಗು ಕಾಣೆಯಾದ ದೂರನ್ನು ಮೊದಲ ವರ್ತಮಾನ ವರದಿಯಾಗಿಯೇ ದಾಖಲಿಸಬೇಕೆಂದು ಸುಪ್ರೀಂ ಕೋರ್ಟು ೨೦೧೩ರಲ್ಲಿಯೇ ಹೇಳಿದೆ. ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಖರ್ಚಿಲ್ಲ.

ಮಗು ಎಲ್ಲಿದೆ ಎಂದು ತಿಳಿದ ಮೇಲೆ ಮರುದಿನವೇ ಸಮಿತಿಯ ಮುಂದೆ ಹಾಜರಾಗಿರಿ. ಕಾಗದಗಳು ಕೂಡಲಿ ಎಂದು ಕಾಯಬಾರದು. ಮೊದಲು ಮುಖ ತೋರಿಸಿ, ಹೆಸರು, ವಿಳಾಸ, ಫೋನು ನಂಬರು ಬರೆಸಿರಿ. ಕಾಗದಗಳನ್ನು ಆಮೇಲೆ ತಂದುಕೊಡಬಹುದು. ಉಪಯೋಗಕ್ಕೆ ಬರುವ ಕಾಗದಗಳೆಂದರೆ: ಮಗುವಿನ ಜನನದ ದಾಖಲೆ, ಆಧಾರ ಕಾರ್ಡು, ರೇಶನ್ ಕಾರ್ಡು, ಅಂಗನವಾಡಿಯ ಅಥವಾ ಲಸಿಕೆಯ ಚೀಟಿ, ಸಾಲೆಯ ದಾಖಲೆ, ಮನೆಮಂದಿ ಕೂಡಿ ತೆಗೆಸಿಕೊಂಡ ಫೋಟೋ. ಇವು ಯಾವುವೂ ಇಲ್ಲದಿದ್ದರೆ ಊರಿನ ಗ್ರಾಮ ಪಂಚಾಯತಿಯಿಂದ ಒಂದು ಪತ್ರ ತರಿಸಿಕೊಳ್ಳಿರಿ. ಕೊಟ್ಟ ಪ್ರತಿಯೊಂದು ಅರ್ಜಿಯ ನಕಲನ್ನೂ ಕೊಟ್ಟ ತಾರೀಖನ್ನೂ ಜೋಪಾನವಾಗಿ ಇಟ್ಟುಕೊಳ್ಳಿರಿ.

ಮರಾಠಿ ಬಾರದಿದ್ದರೆ ಸುಮ್ಮನೆ ತಲೆಯಾಡಿಸಬೇಡಿರಿ. “ನನಗೆ ತಿಳಿಯಲಿಲ್ಲ, ಕನ್ನಡ ಬಲ್ಲವರು ಬೇಕು” ಎಂದು ಹೇಳಿರಿ. ದುಭಾಷಿಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲಸಗಳಲ್ಲಿ ಒಂದು. ತಿಳಿಯದ ಮಾತಿಗೆ ಹೌದೆಂದು ತಲೆಯಾಡಿಸಿದ್ದು ವರದಿಯಲ್ಲಿ ಒಪ್ಪಿಗೆಯಾಗಿ ಸೇರಿಬಿಡುವುದುಂಟು.

ಭೇಟಿಯ ದಿನವನ್ನು ತಪ್ಪಿಸಬೇಡಿರಿ. ಮಗುವಿಗೆ ತಿಂಡಿ ಅರಿವೆಗಳಿಗಿಂತ ತಂದೆತಾಯಿಯ ಮುಖ ದೊಡ್ಡದು. ಬಂದವರು ಯಾರು, ಎಷ್ಟು ಸಲ ಬಂದರು ಎಂಬುದನ್ನು ವರದಿ ಬರೆಯುವವರೂ ನೋಡುತ್ತಾರೆ. ಭೇಟಿಯಲ್ಲಿ ಅತ್ತು ಕರೆದು “ನಾಳೆಯೇ ಒಯ್ಯುತ್ತೇನೆ” ಎಂದು ಸುಳ್ಳು ಆಸೆ ಹಚ್ಚಬಾರದು. “ಕೆಲಸ ನಡೆದಿದೆ, ಮುಂದಿನ ವಾರ ಮತ್ತೆ ಬರುತ್ತೇನೆ” ಎಂದು ಹೇಳಿ, ಹೇಳಿದಂತೆ ಬರಬೇಕು.

ಮನೆಮಂದಿಯೆಲ್ಲ ಊರಿನಲ್ಲಿದ್ದು ಮಗು ಮಾತ್ರ ಪುಣೆಯಲ್ಲಿ ಸಿಕ್ಕಿದ್ದರೆ, ಮಗುವನ್ನು ಸ್ವಂತ ಜಿಲ್ಲೆಯ ಸಮಿತಿಗೆ ವರ್ಗ ಮಾಡಲು ಕಾಯಿದೆಯಲ್ಲಿ ಅವಕಾಶವಿದೆ. ಕಲಬುರ್ಗಿಯ ಮಗುವಿನ ವಿಚಾರಣೆ ಕಲಬುರ್ಗಿಯಲ್ಲಿ, ಕನ್ನಡದಲ್ಲಿ ನಡೆದರೆ ಹೆತ್ತವರಿಗೆ ಅರ್ಧ ಭಾರ ಇಳಿದಂತೆ. ಇದಕ್ಕಾಗಿ ಅರ್ಜಿ ಕೊಟ್ಟು ಕೇಳಬೇಕು.

ಸಮಿತಿಯ ಹುಕುಮು ಸರಿಯಿಲ್ಲವೆಂದು ತೋರಿದರೆ ೩೦ ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಅಪೀಲು ಮಾಡಬಹುದು. ಸಾಕುಮನೆಗೆ ಕಳಿಸಿದ ಹುಕುಮಿನ ಮೇಲಿನ ಅಪೀಲು ಮಾತ್ರ ಜಿಲ್ಲಾಧಿಕಾರಿಗಳಿಗೆ ಹೋಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ೧೯೮೭ರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರಖಾನೆಯ ಕಾರ್ಮಿಕರಿಗೆ ಆದಾಯವನ್ನು ನೋಡದೆಯೇ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಫೋನು ನಂಬರು ೧೫೧೦೦.

ಮನೆಯಲ್ಲಿಯೇ ದೋಷವಿದ್ದರೆ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನಿಜ. ಆದರೆ ಹೆತ್ತವರ ಕೈಯಿಂದಲೇ ಮಗುವಿಗೆ ನೋವಾದ ಸಂದರ್ಭಗಳೂ ಇವೆ. ಇದನ್ನು ಮುಚ್ಚಿಡುವುದು ತರವಲ್ಲ. ಹೊಡೆತದ ಬಾಸುಂಡೆ ಇದ್ದ ಮಗುವನ್ನು ಕೂಡಲೇ ಹೊಡೆದವರ ಕೈಗೆ ಒಪ್ಪಿಸಬೇಕೆಂದು ನಾವು ವಾದಿಸಲಾಗದು. ಸಮಿತಿ ಮಗುವಿನ ಮಾತನ್ನೂ ಕೇಳುತ್ತದೆ, ಕೇಳಲೇಬೇಕು. ಕೆಲವು ಮಕ್ಕಳು ಮನೆಗೆ ಮರಳದೆ ಇರುವುದೇ ಒಳ್ಳೆಯದಾಗಿರಬಹುದು.

ಹಾಗೆಂದು ಆ ತಂದೆತಾಯಿಗಳನ್ನು ಕೈಬಿಡಬೇಕೆಂದಲ್ಲ. ಕುಡಿತವೇ ಕಾರಣವಾಗಿದ್ದರೆ ಬಿಡಿಸುವ ಚಿಕಿತ್ಸೆಗೆ ಕರೆದೊಯ್ಯಬೇಕು, ಮತ್ತು ಚಿಕಿತ್ಸೆ ಪಡೆದ ಕಾಗದವನ್ನು ಸಮಿತಿಗೆ ತೋರಿಸಬೇಕು. ಗಂಡನ ಹೊಡೆತಕ್ಕೆ ತಾಯಿಯೂ ಬಲಿಯಾಗಿದ್ದರೆ ಅವಳಿಗೆ ಬೇರೆ ವಾಸದ ಆಸರೆ ಬೇಕು. ಅದು ದೊರೆತರೆ ಮಗು ಅವಳ ಹತ್ತಿರ ಇರಬಹುದು. “ನಾನು ಏನೂ ಮಾಡಿಲ್ಲ” ಎಂದು ನೂರು ಸಲ ಹೇಳುವುದಕ್ಕಿಂತ “ಇದನ್ನು ಇದನ್ನು ಸರಿಪಡಿಸಿದ್ದೇನೆ” ಎಂದು ಒಂದು ಸಲ ತೋರಿಸುವುದು ಮೇಲು. ಹೆತ್ತವರಿಗೆ ಬೆಂಬಲ ಕೊಡುವುದೆಂದರೆ ಮಗುವಿನ ವಿರುದ್ಧ ನಿಲ್ಲುವುದಲ್ಲ. ಮಗು ಮರಳಿ ಬರಲು ತಕ್ಕ ಮನೆಯನ್ನು ಕಟ್ಟಲು ಕೈಗೂಡಿಸುವುದು.

ನಾವು ಮಾಡಬಹುದಾದ ಕೆಲಸ

ನ್ಯೂಝೀಲಂಡ ದೇಶದಲ್ಲಿ ೧೯೮೯ರಲ್ಲಿ ಒಂದು ಹೊಸ ಕಾಯಿದೆ ಮಾಡಿದರು. ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಮಕ್ಕಳನ್ನು ಸರಕಾರ ಒಯ್ಯುತ್ತಿದ್ದ ರೀತಿಯ ಬಗ್ಗೆ ಬಹಳ ಅಸಮಾಧಾನವಿತ್ತು. ಹೊಸ ಕಾಯಿದೆಯಂತೆ, ಇಂಥ ಸಂದರ್ಭಗಳಲ್ಲಿ ಮನೆತನದವರನ್ನೆಲ್ಲ ಕೂಡಿಸಿ, ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರಮಾವ ಎಲ್ಲರೂ ಕುಳಿತು ಮಗುವನ್ನು ಯಾರು ಹೇಗೆ ನೋಡಿಕೊಳ್ಳಬೇಕೆಂದು ವಿಚಾರ ಮಾಡುವಂತಾಯಿತು. ಬೇರೆ ದೇಶಗಳೂ ಈ ಕ್ರಮವನ್ನು ಎತ್ತಿಕೊಂಡಿವೆ. ಕಟ್ಟೆಯ ಮೇಲೆ ಹಿರಿಯರು ಕೂಡುವ ಪದ್ಧತಿಯನ್ನು ಕಂಡ ನಮಗೆ ಇದು ಅಪರಿಚಿತವೇನಲ್ಲ.

ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆ ಇದೆ. ೧೯೯೨ರಲ್ಲಿ ರಾಯಚೂರಿನಲ್ಲಿ ಆರಂಭವಾದ ಸಾಥಿ ಎಂಬ ಸಂಸ್ಥೆ ರೈಲು ನಿಲ್ದಾಣಗಳಲ್ಲಿ ಸಿಗುವ, ಮನೆ ಬಿಟ್ಟು ಬಂದ ಮಕ್ಕಳಿಗಾಗಿ ಕೆಲಸ ಮಾಡುತ್ತ ಬಂದಿದೆ. ಅಂಥ ಮಕ್ಕಳನ್ನು ವರ್ಷಗಟ್ಟಲೆ ಸಂಸ್ಥೆಗಳಲ್ಲಿ ಇರಿಸುವುದಕ್ಕಿಂತ ಮನಸ್ಸು ಒಲಿಸಿ ಮನೆಗೆ ಮುಟ್ಟಿಸುವುದೇ ಅದರ ಮುಖ್ಯ ಕೆಲಸ.

ತಾಯಿಯೊಬ್ಬಳು ಪಟ್ಟು ಬಿಡದಿದ್ದರೆ ಏನಾಗಬಲ್ಲದೆಂಬುದಕ್ಕೂ ಒಂದು ಸಂಗತಿ ಹೇಳಬಹುದು. ೨೦೧೧ರಲ್ಲಿ ನಾರ್ವೆ ದೇಶದ ಅಧಿಕಾರಿಗಳು ಬಂಗಾಲಿ ದಂಪತಿಗಳ ಎರಡು ಚಿಕ್ಕ ಮಕ್ಕಳನ್ನು ಸಾಕುಮನೆಗೆ ಕಳಿಸಿದರು. ೨೦೧೨ರಲ್ಲಿ ಮಕ್ಕಳನ್ನು ಭಾರತಕ್ಕೆ ಕಳಿಸಿ ಚಿಕ್ಕಪ್ಪನ ವಶಕ್ಕೆ ಕೊಟ್ಟರು. ತಾಯಿಗೆ ಇನ್ನೂ ದೊರೆಯಲಿಲ್ಲ. ಆಕೆ ಬರ್ದ್ವಾನ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋದಳು, ಅಲ್ಲಿಂದ ಕಲಕತ್ತೆಯ ಹೈಕೋರ್ಟಿಗೆ ಹೋದಳು. ೨೦೧೩ರಲ್ಲಿ ಮಕ್ಕಳು ಆಕೆಯ ಮಡಿಲಿಗೆ ಬಂದವು.

ಎಲ್ಲರಿಗೂ ಅಷ್ಟು ಬಲವಿರುವುದಿಲ್ಲ. ಆದರೆ ನಮ್ಮಂಥ ಸಾಮಾನ್ಯರು ಕೊಡಬಹುದಾದ ಬಲ ಅಲ್ಪವಲ್ಲ. ಓದುಬರಹ ಬಲ್ಲ ಕಾರಕೂನ ಬಂಧುಗಳು ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡಬಹುದು, ಬಂದ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಬಹುದು. ಪಾಳಿಯ ಕೆಲಸ ಬಿಟ್ಟು ಹೋಗಲಾರದವನ ಪಾಳಿಯನ್ನು ಜೊತೆಗಾರ ಬದಲಾಯಿಸಿಕೊಳ್ಳಬಹುದು. ರಜೆಯ ಅರ್ಜಿಯಲ್ಲಿ “ಸಮಿತಿಯ ಮುಂದೆ ಹಾಜರಾಗಲು” ಎಂದು ಬರೆಯಲು ನಾಚಿಕೆಯಾದರೆ “ಮನೆಯ ಅತ್ಯವಶ್ಯ ಕೆಲಸ” ಎಂದು ಬರೆದರೂ ಸಾಕು. ಕಚೇರಿಗೆ ಒಬ್ಬಳೇ ಹೋಗಲು ಹೆದರುವ ತಾಯಿಯ ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಹೋಗಿ ಹೊರಗೆ ಕುಳಿತರೂ ಅದು ದೊಡ್ಡ ಉಪಕಾರ. ಸಮಾಜ ಕಾರ್ಯಕರ್ತರು ಓಣಿಗೆ ವಿಚಾರಿಸಲು ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿರಿ. ಹಳೆಯ ಜಗಳದ ಸೇಡನ್ನು ಅಲ್ಲಿ ತೀರಿಸಿಕೊಳ್ಳಬೇಡಿರಿ. ಬಾವಿಕಟ್ಟೆಯ ಮಾತಿನಿಂದ ಒಂದು ಮಗು ಮನೆಗೆ ಬರುವುದು ತಡವಾದರೆ ಆ ಪಾಪ ಮಾತಾಡಿದವರದು.

ಮಗು ಮರಳಿ ಬಂದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಕೆಲವು ದಿನ ಅದು ಮಂಕಾಗಿರಬಹುದು, ರಾತ್ರಿ ಬೆದರಬಹುದು, ತಾಯಿಯ ಸೆರಗು ಬಿಡದಿರಬಹುದು. ಬೈಯದೆ ತಾಳ್ಮೆಯಿಂದ ಇರಬೇಕು. “ನಿನ್ನನ್ನು ಪೋಲೀಸರು ಒಯ್ದಿದ್ದರಲ್ಲ” ಎಂದು ಓಣಿಯ ಮಕ್ಕಳು ಹಂಗಿಸದಂತೆ ದೊಡ್ಡವರು ನೋಡಿಕೊಳ್ಳಬೇಕು. ತಡಮಾಡದೆ ಸಾಲೆಗೆ ಸೇರಿಸಬೇಕು.

ಮುಂಜಾಗ್ರತೆಯ ಮಾತು ಎರಡು. ದುಡಿಯಲು ಹೋಗುವ ತಾಯಂದಿರು ಕೂಸುಗಳನ್ನು ಕೆಲಸದ ಕಟ್ಟಡದ ಬಳಿ ಒಂಟಿಯಾಗಿ ಬಿಡಬಾರದು. ಕಟ್ಟಡ ಕಾರ್ಮಿಕರ ೧೯೯೬ರ ಕಾಯಿದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳು ಇರುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕೆಂಬ ನಿಯಮವಿತ್ತು; ನಿಮ್ಮಲ್ಲಿ ಕೂಸಿನ ಮನೆ ಇದೆಯೇ ಎಂದು ಗುತ್ತಿಗೆದಾರರನ್ನು ಕೇಳಿರಿ. ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಕಟ್ಟಡಗಳ ಬಳಿಯೇ ಇಂಥ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಎರಡನೆಯದಾಗಿ, ನಾಲ್ಕೈದು ವರ್ಷದ ಮಗುವಿಗೆ ತಂದೆಯ ಪೂರ್ಣ ಹೆಸರು, ಊರಿನ ಹೆಸರು, ತಾಲೂಕು, ಒಂದು ಫೋನು ನಂಬರು ಇಷ್ಟನ್ನು ಹಾಡಿನಂತೆ ಬಾಯಿಪಾಠ ಮಾಡಿಸಿರಿ. “ಅಪ್ಪ”, “ಅವ್ವ” ಎಂಬೆರಡೇ ಹೆಸರು ಬಲ್ಲ ಮಗುವಿನ ಮನೆಯನ್ನು ಹುಡುಕುವುದು ಯಾವ ಸಮಿತಿಗೂ ಸುಲಭವಲ್ಲ.

ಇಂಥ ಕಷ್ಟದಲ್ಲಿ ಇರುವವರು ನಿಮಗೆ ಗೊತ್ತಿದ್ದರೆ ಅವರಿಗೆ ಹೇಳಿರಿ: ದಿನ ಕಳೆಯಬೇಡ, ಕಾಗದವನ್ನು ತೆಗೆದುಕೊಂಡು ವಾಚನಾಲಯಕ್ಕೆ ಬಾ, ಓದಿ ಹೇಳುವವರು ಇದ್ದಾರೆ, ಜೊತೆಗೆ ಬರುವವರೂ ಇದ್ದಾರೆ.